ತಲೆಗೊಂದು ಗೇಣು, ಮೈಗೊಂದು ಗೇಣು

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದ ಮಾತು. ನಾನು ಆಗ ಕಾವೇರಿ ದಂಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಲೈನುಮನೆಗಳ ಮುಂದೆ ನಿಂತು ಹಾಜರಿ ಕೂಗುವುದು, ಮಧ್ಯಾಹ್ನ ಹಣ್ಣು ಕುಯ್ಯುವ ಪಿಕ್ಕಿಂಗ್ ನೋಡುವುದು, ಸಂಜೆ ಸಾಹೇಬರ ಬಂಗಲೆಗೆ ಹೋಗಿ ಆ ದಿನದ ಸುದ್ದಿ ಹೇಳುವುದು ಇಷ್ಟೇ ನನ್ನ ಕೆಲಸ. ಊಟ, ನಿದ್ರೆಗೆ ಮಾವನ ಮನೆ. ನನ್ನ ಅವ್ವನ ಅಣ್ಣ ಅವರು. ಎಸ್ಟೇಟಿನ ಬೇಲಿ ದಾಟಿ, ಗದ್ದೆಯ ಏರಿಯ ಮೇಲೆ ಹತ್ತು ನಿಮಿಷ ನಡೆದರೆ ಅವರ ಅಂಗಳ. ಅತ್ತೆ ಮಾಡುವ ಅಕ್ಕಿರೊಟ್ಟಿಯ ವಾಸನೆ ಐದನೆಯ ನಿಮಿಷಕ್ಕೇ ಬಂದು ಕೈಹಿಡಿಯುತ್ತಿತ್ತು.

ಮಾವನಿಗೆ ಗದ್ದೆ ಇತ್ತು, ಎರಡೆಕರೆ ಕಾಫಿ ಇತ್ತು. ಆದರೆ ಊರಿನವರು ಅವರನ್ನು ಗುರುತಿಸುತ್ತಿದ್ದುದು ಅದರಿಂದಲ್ಲ. ಅವರು ಮೀನು ಹೇಳುವವರು.

ಹಾಗೆಂದರೆ ಏನು ಎಂದು ಹೇಳಬೇಕು. ನಮ್ಮೂರ ದೇವಸ್ಥಾನದ ಮೆಟ್ಟಿಲ ಕೆಳಗೆ ಕಾವೇರಿ ಒಂದು ತಿರುವು ತೆಗೆದುಕೊಂಡು ಆಳವಾದ ಮಡುವಾಗುತ್ತಾಳೆ. ಆ ಮಡುವಿನ ದೊಡ್ಡ ಮೀನುಗಳು ದೇವರವು. ಮೈಮೇಲೆ ಗಂಟು ಎದ್ದವರು, ಮಕ್ಕಳಿಗೆ ಕಜ್ಜಿ ಹತ್ತಿದವರು ಹರಕೆ ಹೇಳಿಕೊಂಡು ಬಂದು ಅಲ್ಲಿ ಅಕ್ಕಿ ಹಾಕುತ್ತಾರೆ. ಸಾಹೇಬರು ಆ ಮೀನಿಗೆ ಮಹಶೀರ್ ಎನ್ನುತ್ತಿದ್ದರು, ನಾವು ದೇವರ ಮೀನು ಎನ್ನುತ್ತಿದ್ದೆವು. ಯಾರೂ ಅದನ್ನು ತಿನ್ನುವುದಿಲ್ಲ. ಆದರೆ ಮಡು ಎಲ್ಲಿಗೆ ಮುಗಿಯಿತು ಎಂದು ಮೀನಿಗೆ ಯಾರು ಹೇಳಬೇಕು? ಅವು ಕೆಳಗಿಳಿದು ಎಸ್ಟೇಟಿನ ದಂಡೆಯವರೆಗೂ ಸುತ್ತಾಡುತ್ತಿದ್ದವು. ಅಲ್ಲಿ ಅವುಗಳ ಜೊತೆಗೇ ಗೆಂಡೆ ಮೀನುಗಳೂ ಇದ್ದವು. ಗೆಂಡೆ ದೇವರದ್ದಲ್ಲ. ಗೆಂಡೆ ಸಾರಿನದ್ದು.

ಸಾಹೇಬರಿಗೆ ಗಾಳದ ಹುಚ್ಚು. ಬಿಳಿಯರೆಲ್ಲ ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹಡಗು ಹತ್ತುತ್ತಿದ್ದರೂ ಇವರು ಹೋಗದೆ ಉಳಿದದ್ದು ಈ ನದಿಗಾಗಿ ಎಂದು ಬಂಗಲೆಯ ಬಟ್ಲರ್ ಹೇಳುತ್ತಿದ್ದ. ನಾನು ಕೆಲಸಕ್ಕೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಊರ ಹಿರಿಯರಲ್ಲಿ ಅಪ್ಪಣೆ ಕೇಳಿದ್ದರಂತೆ. ಹಿರಿಯರು ಒಂದು ಷರತ್ತು ಹಾಕಿ ಒಪ್ಪಿದರು. ಗಾಳಕ್ಕೆ ಬಿದ್ದ ಪ್ರತಿಯೊಂದು ಮೀನನ್ನೂ ನನ್ನ ಮಾವ ನೋಡಬೇಕು. ಅವರು ‘ದೇವರದ್ದು’ ಎಂದರೆ ಅಲ್ಲೇ ಕೊಕ್ಕೆ ಬಿಡಿಸಿ ಜೀವಸಹಿತ ನೀರಿಗೆ ಬಿಡಬೇಕು. ‘ಗೆಂಡೆ’ ಎಂದರೆ ಸಾಹೇಬರದು, ಅದರಲ್ಲಿ ಅರ್ಧ ಮಾವನ ಮನೆಗೆ. ಮಾವ ಹೇಳಿದ್ದೇ ಕೊನೆಯ ಮಾತು. ದೇವರು, ಊರು, ಸಾಹೇಬರು ಮೂವರೂ ಒಬ್ಬ ಮನುಷ್ಯನ ಬಾಯನ್ನು ನಂಬಿಕೊಂಡು ಕೂತಿದ್ದರು ಎಂದರೆ ಅದು ಸಣ್ಣ ಗೌರವವಲ್ಲ. ಮಾವ ಅದನ್ನು ತಲೆಗೆ ಸುತ್ತಿದ ವಸ್ತ್ರದಂತೆ ನೆಟ್ಟಗೆ ಧರಿಸಿದ್ದರು.

ನನಗೂ ಅವರು ನಮ್ಮ ಮನೆಮಾತು ಅರೆಭಾಷೆಯಲ್ಲಿ ಪಾಠ ಹೇಳಿದ್ದರು. "ಬಾಲ ನೋಡ್. ಕಿತ್ಲೆ ಹಣ್ಣಿನ ಬಣ್ಣ ಉಟ್ಟಾ? ದೇವರದ್. ಬೂದಿ ಬಣ್ಣ ಉಟ್ಟಾ? ಗೆಂಡೆ. ಬೆನ್ನ್ ನೋಡ್, ಕುತ್ತಿಗೆ ಹಿಂದೆ ಗೂನ್ ಉಟ್ಟಾ? ದೇವರದ್. ಎಲ್ಲಾ ಬುಟ್ಟ್ ಬಾಲ ನೋಡಿರೆ ಸಾಕ್. ಇಪ್ಪತ್ ಮಾರ್ ದೂರಲಿ ನೀರೊಳಗೆ ತಿರ್ಗಿರೆ ನಂಗೆ ಗೊತ್ತಾದೆ."

ಗೊತ್ತಾಗುತ್ತಿತ್ತು. ಸಾಹೇಬರು ದಾರ ಸುತ್ತುತ್ತಿರುವಾಗಲೇ, ಮೀನು ಇನ್ನೂ ನೀರಲ್ಲಿ ಹೊರಳುತ್ತಿರುವಾಗಲೇ ಮಾವ ದಡದಿಂದ ಕೂಗಿಬಿಡುತ್ತಿದ್ದರು.

ಆ ವರ್ಷ ಹುತ್ತರಿ ಹಬ್ಬ ಕಳೆಯಿತು. ಹೊಸ ಅಕ್ಕಿಯ ಪಾಯಸ ಉಂಡು ಮುಗಿಸಿ ಊರೆಲ್ಲ ಪಿಕ್ಕಿಂಗಿಗೆ ಇಳಿಯಿತು. ನದಿ ಇಳಿದು ತಿಳಿಯಾಯಿತು. ಭಾನುವಾರ ಬೆಳಿಗ್ಗೆ ಸಾಹೇಬರು, ರಾಗಿಹಿಟ್ಟಿನ ಉಂಡೆ ಹಿಡಿದ ಬಟ್ಲರ್, ಮಾವ, ಮಾವನ ಮಾತನ್ನು ಸಾಹೇಬರಿಗೂ ಸಾಹೇಬರ ಮಾತನ್ನು ಮಾವನಿಗೂ ದಾಟಿಸಲು ನಾನು, ಇಷ್ಟು ಜನ ದಂಡೆಗೆ. ಮೊದಲ ಭಾನುವಾರ ಒಂದು ಗೆಂಡೆ ಬಿತ್ತು. ಅತ್ತೆ ಕಾಚಂಪುಳಿಯ ಹುಳಿ ಹಾಕಿ ಕಪ್ಪಗೆ ಸಾರು ಮಾಡಿದರು. ಆಮೇಲೆ ಶುರುವಾಯಿತು ನೋಡಿ.

ಎರಡನೆಯ ಭಾನುವಾರ ಬಿದ್ದದ್ದೆಲ್ಲ ದೇವರದ್ದು. ಮೂರನೆಯ ಭಾನುವಾರ ಮತ್ತೆ ದೇವರದ್ದು. ನಾಲ್ಕನೆಯದರಲ್ಲಿ ಮಾವ ಕೂಗುವ ಕ್ರಮವೂ ಬದಲಾಯಿತು. ಮೀನು ದಡಕ್ಕೆ ಬರುವವರೆಗೂ ಬಾಯಿ ಬಿಡರು. ಬಂದ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ನೋಡಿ, ನಿಟ್ಟುಸಿರು ಬಿಟ್ಟು "ದೇವರದ್" ಎನ್ನುವುದು.

ಸಾಹೇಬರು ತಮ್ಮ ಎಸ್ಟೇಟು ಕನ್ನಡದಲ್ಲಿ ನನ್ನನ್ನು ಕೇಳಿದರು: "ಏನ್ ರೈಟರ್, ಈ ವರ್ಷ ಗೆಂಡೆ ಎಲ್ಲಾ ಊರು ಬಿಟ್ಟು ಹೋಯ್ತಾ? ನಿಮ್ಮ ದೇವರು ತುಂಬಾ ಜಬರ್‌ದಸ್ತ್. ನನಗೆ ಒಂದೂ ಬಿಡೋದಿಲ್ಲ."

ನಾನು ಅದನ್ನು ಮಾವನಿಗೆ ದಾಟಿಸಿದೆ, ಜಬರ್‌ದಸ್ತ್ ಎಂಬುದನ್ನು ಬಿಟ್ಟು.

"ಹೇಳ್ ಅವಕೆ," ಎಂದರು ಮಾವ, "ನದಿ ನಂದ್ ಅಲ್ಲ, ಬಂದದ್ ನಾ ಹೇಳ್ದು."

ಐದನೆಯ ಭಾನುವಾರವೂ ಹಾಗೇ ಹೋಯಿತು. ಆರನೆಯದರಲ್ಲಿ ನಾನು ಹತ್ತಿರವೇ ನಿಂತಿದ್ದೆ. ಬಲೆಯಲ್ಲಿ ಎತ್ತಿದ ಮೀನು ನನಗೂ ಚೆನ್ನಾಗಿ ಕಂಡಿತು. ಬೂದುಬಣ್ಣದ ಬಾಲ, ಗೂನಿಲ್ಲದೆ ಬಿಲ್ಲಿನಂತೆ ಬಾಗಿದ ಬೆನ್ನು, ಚಿಕ್ಕ ಬಾಯಿ. ಮಾವ ಬಗ್ಗಿದರು. "ದೇವರದ್" ಎಂದರು. ಸಾಹೇಬರು ನನ್ನ ಮುಖ ನೋಡಿದರು, ನಾನು ನನ್ನ ಚಪ್ಪಲಿ ನೋಡಿದೆ. ಮೀನು ನೀರಿಗೆ ಹೋಯಿತು.

ದಾರಿಯಲ್ಲಿ ಕೇಳಬೇಕು ಎಂದು ಮೂರು ಸಲ ಬಾಯಿ ತೆರೆದೆ. ಏರಿಯ ಮೇಲೆ ಮಾವ ನನ್ನ ಮುಂದೆ, ಕಾಲಿನಿಂದ ನೆಲವನ್ನು ಮುಟ್ಟಿ ಮುಟ್ಟಿ ನಡೆಯುತ್ತಿದ್ದರು. ಕೇಳಲಿಲ್ಲ.

ಕೇಳಿದ್ದು ಅತ್ತೆ. ಅದೂ ಮೀನಿನ ವಿಷಯವಲ್ಲ. ಮರುದಿನ ಸಂಜೆ ನಾನು ಮನೆಗೆ ಬಂದಾಗ ಅಂಗಳದಲ್ಲಿ ಮಾವ ಕುಯ್ದು ತಂದ ಕಾಫಿ ಹಣ್ಣು ಹರಡಿತ್ತು. ಅತ್ತೆ ಕುಕ್ಕುರುಗಾಲಲ್ಲಿ ಕೂತು ಆರಿಸುತ್ತಿದ್ದರು. ಕೆಂಪು ಹಣ್ಣಿನ ರಾಶಿಗಿಂತ ಹಸಿರು ಕಾಯಿಯ ರಾಶಿ ದೊಡ್ಡದಿತ್ತು.

"ನಿನ್ನ ಮಾವನ ಪಿಕ್ಕಿಂಗ್ ನೋಡ್," ಎಂದರು ನನಗೆ, ಮಾವನಿಗೆ ಕೇಳುವಂತೆ. "ಎಸ್ಟೇಟ್ಲಿ ಹಿಂಗೆ ಕುಯ್ದಿದ್ರೆ ನೀ ಅರ್ಧ ಹಾಜರಿ ಹಾಕ್ತಿದ್ದೆ ಅಲಾ?"

ಮಾವ ಜಗಲಿಯಲ್ಲಿ ಕೂತಿದ್ದರು.

ಅತ್ತೆ ಒಂದು ಹಸಿರು ಕಾಯಿ, ಒಂದು ಕೆಂಪು ಹಣ್ಣು ಎರಡನ್ನೂ ಅಂಗೈಯಲ್ಲಿಟ್ಟು ಅವರ ಮುಂದೆ ಹಿಡಿದರು. "ಹಣ್ಣ್ ಯಾವುದ್ ಹೇಳಿ."

ಮಾವ ಅಂಗೈಯನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಚಾಚಿ ಎರಡನ್ನೂ ಬೆರಳಲ್ಲಿ ಒತ್ತಿ, ಮೆತ್ತಗಿದ್ದುದನ್ನು ಎತ್ತಿಕೊಟ್ಟರು.

"ಮುಟ್ಟದೆ ಹೇಳಿ ಅಂದೆ ನಾ."

"ಮುಟ್ಟದೆ ಆದಿಲ್ಲೆ," ಎಂದರು ಮಾವ.

ಅಂದು ರೊಟ್ಟಿ ತಣ್ಣಗಾಗುವವರೆಗೂ ಮಾವ ಹೇಳಿದರು. ಮಳೆಗಾಲದಿಂದಲೇ ಕಣ್ಣಿಗೆ ಹೊಗೆ ಕಟ್ಟಿದಂತೆ ಆಗಿತ್ತಂತೆ. ಬರಬರುತ್ತ ಎಲ್ಲವೂ ಚಹಾದಲ್ಲಿ ಅದ್ದಿ ತೆಗೆದ ಬಣ್ಣ. ಎಲ್ಲ ಬಾಲವೂ ಒಂದೇ. ಗೊತ್ತಾಗದ ಮೇಲೆ ತಪ್ಪಿಯಾದರೂ ದೇವರ ಮೀನು ಕೊಡುವುದು ಬೇಡ ಎಂದು ಎಲ್ಲವನ್ನೂ ನೀರಿಗೆ ಬಿಡಿಸಿದರು. ಸಾಹೇಬರಿಗೆ ಒಂದು ಗೆಂಡೆ ನಷ್ಟವಾದರೆ ಏನು ಮಹಾ. ಆದರೆ ಅವರನ್ನು ಕೊರೆಯುತ್ತಿದ್ದುದು ಆ ಐದು ಭಾನುವಾರಗಳಲ್ಲ. ಅದಕ್ಕೂ ಮೊದಲಿನದು.

"ಹುತ್ತರಿ ಕಳ್ದ ಮೊದ್ಲನೆ ಆಯ್ತಾರ ಗೆಂಡೆ ಅಂತ ಕೊಟ್ಟೆ ಅಲಾ," ಎಂದರು, ಧ್ವನಿ ತಗ್ಗಿಸಿ. "ಅದರ ಬಾಲ ನಂಗೆ ಸರಿ ಕಂಡಿತ್ಲೆ. ಅಭ್ಯಾಸಲಿ ಹೇಳಿಬುಟ್ಟೆ. ಅದ್ ಗೆಂಡೆನಾ ಅಲ್ಲನಾ ಇಂದಿನವರೆಗೆ ಗೊತ್ತಿಲ್ಲೆ. ಈ ಮನೆಲಿ ಎಲ್ಲವೂ ಕೂತ್ ಉಂಡವೆ. ದೇವರ ಮೀನಾಗಿದ್ರೆ?"

ಅಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರು ನಮ್ಮ ಜೊತೆ ಉಂಡಿದ್ದರು, ನಕ್ಕಿದ್ದರು.

ಅತ್ತೆ ನಗಲಿಲ್ಲ, ಅಳಲಿಲ್ಲ, ಬೈದರು. "ಅಲ್ಲ, ಅದ್ನ ತೊಳ್ದದ್ ಯಾರ್? ಹುರುಪೆ ತೆಗ್ದದ್ ಯಾರ್? ನಲ್ವತ್ ವರ್ಷ ಆತ್ ಈ ಮನೆಗೆ ಬಂದ್, ವರ್ಷಕ್ಕೆಷ್ಟ್ ಗೆಂಡೆ ಕಡ್ದೊಳೆ ನಾ! ನನ್ನ ಕೈಗೆ ಬಂದದ್ ಗೆಂಡೆ ಅಲ್ಲದಿದ್ರೆ ಮೆಟ್ಟುಕತ್ತಿಗೆ ಹಾಕಿಕೆ ಬುಡ್ತಿದ್ದೆನಾ? ಗೆಂಡೆ ಅದ್. ತೆಳು ತುಟಿ, ಗಿಡ್ಡ ಮೀಸೆ. ತಲೆನೂ ಹಂಗೆ, ಮೈ ಅಷ್ಟಗಲ ಇದ್ರೂ ತಲೆ ಮಾತ್ರ ಇಷ್ಟೆ. ಯಾವ ಗೆಂಡೆ ತಲೆ ಇಬ್ಬರಿಗೆ ಸಾಕಾಗ್ಯುಟ್ಟು ಹೇಳಿ. ನೀವೊಬ್ರೆ ತಿಂದವು, ನಂಗೆ ಬಾಲ."

ಮಾವ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ಆಮೇಲೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ದೇವರ ಮೀನಿನ ತಲೆ ಹಂಗಲ್ಲ," ಎಂದರು. "ಉದ್ದ. ಕೊಕ್ಕೆ ಬುಡ್ಸೊವಾಗ ಕೈಗೆ ಸಿಕ್ಕಿದೆ. ತುಟಿ ದಪ್ಪ, ಹಲಸಿನ ತೊಳೆ ಹಾಂಗೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಲವತ್ತು ವರ್ಷದಲ್ಲಿ ಈ ಮಾತು ಅವರ ನಡುವೆ ಬಂದೇ ಇರಲಿಲ್ಲ. ಅತ್ತೆ ದೇವರ ಮೀನನ್ನು ಮುಟ್ಟಿದವರಲ್ಲ. ಮಾವ ಗೆಂಡೆಯನ್ನು ತೊಳೆದವರಲ್ಲ. ಕಣ್ಣು ಚೆನ್ನಾಗಿದ್ದವರಿಗೆ ಕೈಯನ್ನು ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಬುಧವಾರ ವಿರಾಜಪೇಟೆ ಸಂತೆಗೆ ಎಸ್ಟೇಟಿನ ಜೀಪು ಹೋಗುತ್ತಿತ್ತು. ನಾನು ಅದರಲ್ಲಿ ಹೋಗಿ ಎರಡು ಗೆಂಡೆ ತಂದೆ. ಅಡಿಗೆಮನೆಯಲ್ಲಿ ಅತ್ತೆ ಮಾವನ ಕಣ್ಣಿಗೆ ಅವರದೇ ವಸ್ತ್ರ ಕಟ್ಟಿದರು. ಬಾಯಿಯ ಅಂಚಿಗೆ ಹೆಬ್ಬೆರಳು, ಮೀಸೆಗೆ ತೋರುಬೆರಳು. ಆಮೇಲೆ ಮೂಗಿನ ತುದಿಯಿಂದ ಕಿವಿರು ಮುಗಿಯುವವರೆಗೆ ಒಂದು ಗೇಣು ಹಾಕಿ, ಅದೇ ಗೇಣನ್ನು ಹೊಟ್ಟೆಯಿಂದ ಬೆನ್ನಿಗೆ ಹಾಕುವುದು. ಗೆಂಡೆಯ ತಲೆಯ ಗೇಣು ಮೈಗೆ ಸಾಲುತ್ತಿರಲಿಲ್ಲ, ಎರಡು ಬೆರಳಷ್ಟು ಸೋಲುತ್ತಿತ್ತು. ದೇವರ ಮೀನಿನದು ಸರಿಸಮ ಬರಬೇಕು ಎಂದು ಮಾವನ ನೆನಪು. ಆದರೆ ಆ ಪಾಠಕ್ಕೆ ಮೀನು ಎಲ್ಲಿಂದ ತರುವುದು?

"ಬೇಡ," ಎಂದರು ಅತ್ತೆ. "ಗೆಂಡೆ ಗೊತ್ತಾದ್ರೆ ಸಾಕ್. ಗೆಂಡೆ ಅಲ್ಲದ್ ದೇವರಿಗೆ."

ಇಷ್ಟರಲ್ಲೇ ಇದು ಮುಗಿಯುತ್ತಿತ್ತೋ ಏನೋ. ಆದರೆ ಶುಕ್ರವಾರ ನಮ್ಮ ಅಂಗಳಕ್ಕೆ ತಕ್ಕರು ಬಂದರು. ದೇವಸ್ಥಾನದ ಕಾರ್ಯಗಳ ಮುಂದಾಳು ಅವರು, ಅವರ ಮಾತಿಲ್ಲದೆ ಊರಲ್ಲಿ ಹಬ್ಬ ನಿಶ್ಚಯವಾಗದು. ಮನೆಯಲ್ಲಿ ಕೊಡವ ಮಾತು, ನಮ್ಮೊಡನೆ ಕನ್ನಡ. ಬಂದವರೇ ಮಾವನ ಕೈಹಿಡಿದುಕೊಂಡರು. ಮುಖ ತುಂಬ ಸಂತೋಷ.

"ಕೇಳಿದೆ ಮಾರಾಯ. ಐದು ವಾರದಿಂದ ಬಿದ್ದದ್ದೆಲ್ಲ ದೇವರ ಮೀನೇ ಅಂತಲ್ಲ! ಊರೆಲ್ಲ ಅದೇ ಮಾತು. ಅಮ್ಮ ಕಾವೇರಿ ಕಣ್ಣು ಬಿಟ್ಟಳು. ಇನ್ನು ಆ ದಂಡೆಯೂ ಮಡುವಿಗೇ ಸೇರಿತು ಅಂತ ಲೆಕ್ಕ. ಸಾಹೇಬರಿಗೆ ಗಾಳ ಸಾಕು ಅಂತ ಹೇಳಿಬಿಡುವ. ಭಾನುವಾರ ನಾನೇ ಬಂದು ಒಂದು ಸಲ ಕಣ್ಣಾರೆ ನೋಡ್ತೇನೆ. ನೋಡಿದ ಮೇಲೆ ದೇವರ ಮುಂದೆ ನೀನೊಂದು ಮಾತು ಹೇಳು, ‘ಬಂದದ್ದೆಲ್ಲ ನಿನ್ನವೇ’ ಅಂತ. ನಿನ್ನ ಬಾಯಲ್ಲಿ ಬಂದರೆ ಯಾರೂ ಎದುರಾಡುವುದಿಲ್ಲ."

ಕಾಫಿ ಕುಡಿದು, ಅತ್ತೆಯ ಕೈರುಚಿ ಹೊಗಳಿ, ಹೋದರು.

ಮಾವ ಜಗಲಿಯ ಕಂಬ ಹಿಡಿದು ನಿಂತಿದ್ದರು. ಅವರ ಭಯದಿಂದ ನೀರಿಗೆ ಬಿದ್ದ ಗೆಂಡೆಗಳೆಲ್ಲ ಈಗ ಊರಿನ ಬಾಯಲ್ಲಿ ಅಮ್ಮನ ಮಹಿಮೆಯಾಗಿದ್ದವು. ದೇವರ ಮುಂದೆ ಹಾಗೆ ಹೇಳಿದರೆ ಸುಳ್ಳು. ಹೇಳದಿದ್ದರೆ ಐದು ವಾರ ಹೇಳಿದ್ದು ಸುಳ್ಳು. ಎತ್ತ ಹೊರಳಿದರೂ ಹೋಗುವುದು ಒಂದೇ, ಅವರ ಮಾತು.

"ಸಾಹೇಬರಿಗೆ ಜ್ವರ ಅಂತ ಹೇಳಿಸ್ಲಾ?" ಎಂದು ಕೇಳಿದೆ.

"ಎಷ್ಟ್ ವಾರ ಜ್ವರ ಬಾದು ಅವಕೆ?" ಎಂದರು ಮಾವ.

ಭಾನುವಾರ ದಂಡೆಯಲ್ಲಿ ಒಬ್ಬರು ಹೆಚ್ಚಿದ್ದರು. ತಕ್ಕರು ಬಿಳಿ ಕುಪ್ಯದ ನಿಲುವಂಗಿ ಹಾಕಿ, ಕೊಡೆ ಊರಿ, ಬಂಡೆಯ ಮೇಲೆ ಕೂತಿದ್ದರು. ಅಲ್ಲ, ಇಬ್ಬರು ಹೆಚ್ಚಿದ್ದರು. ಮೇಲೆ ಹೊಂಗೆಮರದ ಕೆಳಗೆ ಅತ್ತೆ, ಹುಲ್ಲು ಕೊಯ್ಯಲು ಬಂದವರಂತೆ ಕತ್ತಿ ಹಿಡಿದು. ಒಂದು ಎಸಳೂ ಕೊಯ್ಯಲಿಲ್ಲ.

ಮೊದಲ ಮೀನು ಬೇಗ ಬಿತ್ತು. ಬಟ್ಲರ್ ಬಲೆ ಹಿಡಿದ. ಮಾವ ನೀರಿಗಿಳಿದು, ಮೊಣಕಾಲಷ್ಟು ನೀರಲ್ಲಿ ನಿಂತು, ಮೀನನ್ನು ಎತ್ತದೆ ಬಲೆಯೊಳಗೇ ಕೈಯಿಟ್ಟರು. ಬಾಯಿಗೆ ಹೆಬ್ಬೆರಳು. ತಲೆಗೆ ಗೇಣು. ಮೈಗೆ ಗೇಣು. ಅವರ ಮುಖ ಬಿಚ್ಚಿಕೊಂಡಿತು.

"ದೇವರದ್."

ತಕ್ಕರು ಕೂತಲ್ಲಿಂದಲೇ ಕೈಮುಗಿದರು. ಕೊಕ್ಕೆ ಬಿಡಿಸಿದ್ದೇ ತಡ, ಕಿತ್ತಳೆ ಬಾಲವೊಂದು ನೀರನ್ನು ಸೀಳಿಕೊಂಡು ಹೋಯಿತು.

ಎರಡನೆಯದು ಬರುವಾಗ ಬಿಸಿಲು ಏರಿ ನೀರಿನ ಮೇಲೆ ಮಿರುಗುತ್ತಿತ್ತು. ದಾರ ಬಹಳ ಹೊತ್ತು ಎಳೆದಾಡಿತು. ಬಂದ ಮೀನು ದೊಡ್ಡದು. ಕೆಂಪು ಮಣ್ಣಿನ ದಡಕ್ಕೆ ಉಜ್ಜಿಕೊಂಡು ಬಂದಿತ್ತು, ಮೇಲೆ ಬಿಸಿಲು. ಬಾಲ ಕೆಂಪಗೇ ಕಂಡಿತು. ನನಗೂ ಹಾಗೇ ಕಂಡಿತು, ಸುಳ್ಳು ಯಾಕೆ ಹೇಳಲಿ.

"ಆಹಾ! ನೋಡು, ದೊಡ್ಡದೇ ಬಂತು!" ತಕ್ಕರು ಎದ್ದು ನಿಂತರು. "ಬಾಲ ನೋಡು ಹೇಗೆ ಕೆಂಡದಂತೆ ಉಂಟು!"

ಮಾವನ ಕೈ ಬಲೆಯೊಳಗಿತ್ತು. ಹೆಬ್ಬೆರಳು ಬಾಯಿಯ ಅಂಚಿನಲ್ಲಿ ಒಮ್ಮೆ ಹೋಯಿತು, ಇನ್ನೊಮ್ಮೆ ಹೋಯಿತು. ತಲೆಗೆ ಗೇಣು. ಮೈಗೆ ಗೇಣು. ಗೇಣು ಸೋತಿತು. ಮತ್ತೆ ಹಾಕಿದರು. ಮತ್ತೆ ಸೋತಿತು. ಸುಮ್ಮನೆ ‘ಹೌದು’ ಎಂದಿದ್ದರೆ ಆ ಕ್ಷಣ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಇದ್ ಗೆಂಡೆ, ತಕ್ಕರೆ."

"ಏನು ಹೇಳ್ತೀ? ಕಣ್ಣು ಕಾಣ್ತದಾ ನಿನಗೆ?"

"ಇಲ್ಲೆ," ಎಂದರು ಮಾವ. "ಕಾಂಬದಿಲ್ಲೆ. ಐದ್ ವಾರಂದ ಕಂಡಿತ್ಲೆ. ಗೊತ್ತಾಗದ್ದಕ್ಕೆ ಎಲ್ಲವ್ನೂ ದೇವರದ್ ಅಂದೆ. ಅಮ್ಮನ ಮಹಿಮೆ ಅಲ್ಲ, ನನ್ನ ಕಣ್ಣ್. ಅದರಲಿ ಗೆಂಡೆನೂ ಇದ್ದಿರೊಕು. ಇದ್ ಮಾತ್ರ ಗೆಂಡೆನೇ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ದಾಟಿಸಿದೆ, ಈ ಸಲ ಒಂದು ಮಾತನ್ನೂ ಬಿಡದೆ. ಅವರು ಟೋಪಿ ಹಿಂದಕ್ಕೆ ಸರಿಸಿ, ಹುರುಪೆ ಎಣಿಸಿದರೆ ಗೊತ್ತಾಗುತ್ತದೆ, ಪುಸ್ತಕದಲ್ಲಿ ಹಾಗಿದೆ ಎಂದು ಎಣಿಸತೊಡಗಿದರು. ತಕ್ಕರೂ ಬಗ್ಗಿ ಎಣಿಸತೊಡಗಿದರು. ಮೀನು ಹೊರಳಿತು, ಇಬ್ಬರ ಲೆಕ್ಕವೂ ತಪ್ಪಿತು, ಇಬ್ಬರೂ ಮೊದಲಿನಿಂದ ಶುರುಮಾಡಿದರು.

"ಎಣ್ಸಿ ಆದು ಹೊತ್ತಿಗೆ ಅದ್ ಸತ್ತಿದ್ದದೆ," ಎಂದು ಮೇಲಿನಿಂದ ಧ್ವನಿ ಬಂತು. ಅತ್ತೆ ಕತ್ತಿ ಅಲ್ಲೇ ಬಿಟ್ಟು ಇಳಿದು ಬಂದಿದ್ದರು.

ತಕ್ಕರು ನೆಟ್ಟಗಾದರು. "ನೀನು ಹೇಳ್ತೀಯಾ ತಂಗಿ? ದೇವರ ಮೀನು ಮುಟ್ಟಿ ಗೊತ್ತುಂಟಾ ನಿನಗೆ?"

"ಇಲ್ಲೆ ತಕ್ಕರೆ. ಗೆಂಡೆ ಮುಟ್ಟಿ ಗೊತ್ತುಟ್ಟು."

ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಒಂದೇ ಸಲ ಹೆಬ್ಬೆರಳು ಆಡಿಸಿದರು. ಸೆರಗಿನ ತುದಿ ನೀರಲ್ಲಿ ಅದ್ದಿ ಬಾಲವನ್ನು ಪಾತ್ರೆ ಒರೆಸಿದಂತೆ ಒರೆಸಿದರು. ಸೆರಗಿಗೆ ಕೆಂಪು ಮಣ್ಣು ಹತ್ತಿತು. ಬಾಲ ಬೂದುಬಣ್ಣವಾಯಿತು. ಅತ್ತೆ ಸೆರಗು ಹಿಂಡಿಕೊಂಡು ದಡ ಹತ್ತಿದರು.

ತಕ್ಕರು ಬಂಡೆಯ ಮೇಲೆ ಮತ್ತೆ ಕೂತರು. ಕೊಡೆಯ ತುದಿಯಿಂದ ಮರಳಲ್ಲಿ ಏನೋ ಗೀಚಿದರು. ಅವರ ಸಂತೋಷ ಹೋಗಿತ್ತು. ಮಾವ ಇನ್ನೂ ನೀರಲ್ಲೇ ನಿಂತಿದ್ದರು, ಶಿಕ್ಷೆ ಕೇಳಲು ನಿಂತವರಂತೆ.

"ಸಾಹೇಬರೇ," ಎಂದರು ತಕ್ಕರು ಕೊನೆಗೆ, "ಅರ್ಧ ಇವರ ಮನೆಗೆ ಅಲ್ಲವಾ ಕ್ರಮ?"

"ಹೌದು, ಅರ್ಧ," ಎಂದರು ಸಾಹೇಬರು.

"ಹಾಗಾದರೆ ಇವತ್ತು ನನ್ನ ಊಟ ಇವರ ಮನೆಯಲ್ಲಿ."

ತಕ್ಕರು ನಮ್ಮಲ್ಲಿ ಉಣ್ಣುವುದು ಹೊಸತಲ್ಲ. ಆದರೆ ಆ ದಿನದ ಬಟ್ಟಲಲ್ಲಿದ್ದುದು ಬೇರೆ. ದೇವರ ಮೀನೆಂದು ಎಳ್ಳಷ್ಟು ಅನುಮಾನವಿದ್ದರೂ ದೇವಸ್ಥಾನದ ತಕ್ಕರು ಅದಕ್ಕೆ ಕೈ ಹಾಕುವಂತಿಲ್ಲ. ಅತ್ತೆ ರೊಟ್ಟಿ ಬಡಿಸಿದರು, ಸಾರು ಬಡಿಸಿದರು. ಮಾವ ಎದುರಿಗೆ ಕೂತು, ಕಾಣದ ಕಣ್ಣನ್ನು ತಕ್ಕರ ಕೈಯ ಮೇಲೇ ಇಟ್ಟಿದ್ದರು. ತಕ್ಕರು ರೊಟ್ಟಿ ಮುರಿದರು. ಸಾರಿಗೆ ಅದ್ದಿದರು. ಬಾಯಿಗಿಟ್ಟು ಅಗಿದು ನುಂಗಿದರು.

"ಹುಳಿ ಸರಿಯಾಗಿ ಬಿದ್ದಿದೆ," ಎಂದರು. ಆಮೇಲೆ, ಮಾವನ ಕಡೆ ನೋಡದೆಯೇ, "ಮುಂದಿನ ವಾರದಿಂದ ಇಬ್ಬರೂ ಹೋಗಿ. ನೀನು ಗೇಣು ಹಾಕು, ತಂಗಿ ಬಾಲ ಒರೆಸಲಿ. ದೇವರ ಮುಂದೆ ಮಾತು ಹೇಳುವುದು ಏನೂ ಇಲ್ಲ, ನೀನು ನೀರಲ್ಲೇ ಹೇಳಿ ಆಯಿತು. ಕಣ್ಣು ಮಡಿಕೇರಿ ಡಾಕ್ಟರಿಗೆ ತೋರಿಸು."

ಮಾವ ತಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತ ಕೂತಿದ್ದರು.

ತಕ್ಕರು ಬಟ್ಟಲೊಳಗೆ ಬಗ್ಗಿ ನೋಡಿದರು. "ತಲೆ ಎಲ್ಲಿ ತಂಗಿ? ಇಷ್ಟು ದೊಡ್ಡ ಮೀನು, ತಲೆ ಇಲ್ಲವಾ?"

ಅತ್ತೆ ಒಲೆಯ ಕಡೆಯಿಂದ ಮಾವನನ್ನು ನೋಡಿದರು. ಮಾವ ತಲೆಯಾಡಿಸಿದರು.

"ಉಟ್ಟು ತಕ್ಕರೆ," ಎಂದರು ಅತ್ತೆ, ಸೌಟು ಹಿಡಿದು ಬರುತ್ತ. "ಗೆಂಡೆ ತಲೆ ಅಲಾ, ಒಬ್ಬರಿಗೆ ಮಾತ್ರ ಸಾಕಾದು."